ನೋಯುವ ಕೀಲು ಮತ್ತು ಪರೀಕ್ಷಾರ್ಥಿಯ ಕೈ

(ವಿಜಯಪುರದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಕಿರಿಯ ವೈದ್ಯರು ಹಾಗೂ ಆಸಕ್ತ ಸಾರ್ವಜನಿಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಹಿರಿಯರೇ, ಸಹೋದ್ಯೋಗಿ ಮಿತ್ರರೇ, ಪ್ರೀತಿಯ ವಿದ್ಯಾರ್ಥಿಗಳೇ,

ಕ್ಲಿನಿಕಲ್ ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ರೋಗಿಯ ಮೊಣಕಾಲನ್ನು ತಪಾಸಣೆ ಮಾಡುವಾಗ ಆ ಹಾಸಿಗೆಯ ಸುತ್ತ ಮೂವರಿರುತ್ತಾರೆ. ಒಬ್ಬರು ಅಂಕ ಕೊಡುವವರು, ಇನ್ನೊಬ್ಬರು ಅಂಕ ಪಡೆಯುವವರು. ಮೂರನೆಯವರಿಗೆ ಅಂಕಪಟ್ಟಿಯ ಗೊಡವೆಯೇ ಇಲ್ಲ, ಆದರೆ ನೋವು ತಿನ್ನಬೇಕಾದವರು ಅವರೊಬ್ಬರೇ. ಕೀಲುಗಳ ತಪಾಸಣೆಗೆ ನಾವು ಕಲಿಸುವ ಕ್ರಮ ಹುಟ್ಟಿದ್ದು ಈ ಮೂರನೆಯವರಿಗಾಗಿ ಎಂಬುದನ್ನು ಇವತ್ತು ನಿಮ್ಮ ಮುಂದೆ ಸ್ವಲ್ಪ ವಿವರವಾಗಿ ಇಡಬೇಕೆಂದಿದ್ದೇನೆ. ವಿದ್ಯಾರ್ಥಿಗಳು ಆ ಕ್ರಮವನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಅದರ ಕಾರಣ ತಿಳಿದು ಮಾಡಿದವರಿಗೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ನಮ್ಮ ಭಾಗದ ರೋಗಿಗಳು ವೈದ್ಯಕೀಯ ಶಿಕ್ಷಣಕ್ಕೆ ಕೊಟ್ಟಿರುವುದು ಕಡಿಮೆಯಲ್ಲ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು, ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ. ಬಾಗಲಕೋಟೆಯಲ್ಲೂ ಈಗ ಕಾಲೇಜಿದೆ. ಇಷ್ಟು ವರ್ಷ ಇಲ್ಲಿನ ಒಕ್ಕಲಿಗರು, ನೇಕಾರರು, ಕೂಲಿ ಹೆಣ್ಣುಮಕ್ಕಳು ತಮ್ಮ ಮೈಯನ್ನು ವಿದ್ಯಾರ್ಥಿಗಳ ಕೈಗೆ ಒಪ್ಪಿಸಿದ್ದರಿಂದಲೇ ಹಲವು ಪೀಳಿಗೆಯ ವೈದ್ಯರು ತಯಾರಾದರು. ವಾರ್ಡಿನಲ್ಲಿರುವ ರೋಗಿಯನ್ನು ಒಂದು ‘ಲಾಂಗ್ ಕೇಸ್’ (ವಿವರವಾಗಿ ನೋಡಬೇಕಾದ ರೋಗಿ) ಅಥವಾ ‘ಶಾರ್ಟ್ ಕೇಸ್’ (ಚುಟುಕಾಗಿ ನೋಡಬೇಕಾದ ರೋಗಿ) ಆಗಿ ಕೂರಿಸಿ ಪರೀಕ್ಷೆ ನಡೆಸುವುದು ನಮ್ಮ ಹಳೆಯ ಪದ್ಧತಿ. ಅದರಲ್ಲಿ ಒಬ್ಬ ವಿದ್ಯಾರ್ಥಿಗೆ ಸುಲಭದ ಕೇಸು, ಇನ್ನೊಬ್ಬನಿಗೆ ಕಠಿಣದ ಕೇಸು ಸಿಗುವ ಅದೃಷ್ಟದಾಟವಿತ್ತು. ಈ ಕೊರತೆಯನ್ನು ನೀಗಿಸಲು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಹೊಸ ಬಗೆಯ ಪರೀಕ್ಷೆಯನ್ನು ವಿವರಿಸಿದರು. ವಿದ್ಯಾರ್ಥಿ ಒಂದು ಸ್ಟೇಷನ್ನಿನಿಂದ, ಅಂದರೆ ಒಂದು ಕೆಲಸ ಮಾಡಿ ತೋರಿಸುವ ಜಾಗದಿಂದ, ಗಂಟೆ ಬಾರಿಸಿದಾಗಲೆಲ್ಲ ಇನ್ನೊಂದಕ್ಕೆ ಸಾಗುತ್ತಾನೆ, ಎಲ್ಲರಿಗೂ ಅದೇ ಕೆಲಸ, ಅದೇ ಸಮಯ, ಅದೇ ಅಂಕಸೂಚಿ. ನಾವು ಇಂದು ಆಸ್ಕಿ (OSCE, ವಸ್ತುನಿಷ್ಠವಾಗಿ ರಚಿಸಿದ ಕ್ಲಿನಿಕಲ್ ಪರೀಕ್ಷೆ) ಎಂದು ಕರೆಯುವುದು ಇದನ್ನೇ. ಅದಕ್ಕೂ ಮೊದಲು, 1963ರಲ್ಲಿ, ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಆರೋಗ್ಯವಂತರಿಗೆ ತರಬೇತಿ ಕೊಟ್ಟು ರೋಗಿಯಂತೆ ನಡೆದುಕೊಳ್ಳುವುದನ್ನು ಕಲಿಸಿದ್ದರು. ಇಂಥವರನ್ನು ಮಾದರಿ ರೋಗಿಗಳೆನ್ನುತ್ತೇವೆ. ನಮ್ಮ ದೇಶದಲ್ಲಿ 2019ರಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಿಂದಾಗಿ ಆಸ್ಕಿಯ ಮಾತು ಹೆಚ್ಚಾಗಿದೆ. ಪರೀಕ್ಷೆಯ ಸ್ವರೂಪ ಹಳೆಯದಿರಲಿ, ಹೊಸದಿರಲಿ, ಕೀಲಿನ ತಪಾಸಣೆಯಲ್ಲಿ ಒಂದು ತೊಡಕು ಹಾಗೆಯೇ ಉಳಿದಿದೆ.

ಆ ತೊಡಕು ಇಷ್ಟು: ಎದೆಯ ಮೇಲೆ ಹತ್ತು ಜನ ಸ್ಟೆತಾಸ್ಕೋಪ್ ಇಟ್ಟರೆ ರೋಗಿಗೆ ಬೇಸರವಾದೀತೇ ಹೊರತು ನೋವಾಗದು. ಬಾತ ಮೊಣಕಾಲನ್ನು ಹತ್ತು ಜನ ಮಡಚಿ ನೋಡಿದರೆ ಪ್ರತಿಯೊಬ್ಬರೂ ನೋಯಿಸಿರುತ್ತಾರೆ. ಅಷ್ಟೇ ಅಲ್ಲ, ಹತ್ತನೆಯವನ ಕೈಗೆ ಬರುವುದು ಮೊದಲನೆಯವನು ನೋಡಿದ ಮೊಣಕಾಲೇ ಆಗಿರುವುದಿಲ್ಲ. ಅಷ್ಟೊತ್ತಿಗೆ ಕೀಲಿನ ಬಿಸಿ ಹೆಚ್ಚಿರುತ್ತದೆ, ತೊಡೆಯ ಸ್ನಾಯುಗಳು ರಕ್ಷಣೆಗೆಂದು ಬಿಗಿದುಕೊಂಡಿರುತ್ತವೆ, ಬೆಳಿಗ್ಗೆ ಮಡಚುತ್ತಿದ್ದಷ್ಟು ಕಾಲು ಈಗ ಮಡಚುವುದಿಲ್ಲ. ಎಲ್ಲರಿಗೂ ಸಮಾನ ಪರೀಕ್ಷೆ ಎಂಬ ಆಶಯ ಅಲ್ಲಿಗೇ ಮುರಿದುಬೀಳುತ್ತದೆ. ರೋಗಿಯನ್ನು ಕಾಪಾಡುವುದು ಮತ್ತು ಪರೀಕ್ಷೆಯನ್ನು ನ್ಯಾಯವಾಗಿ ನಡೆಸುವುದು ಇಲ್ಲಿ ಎರಡು ಬೇರೆ ಕೆಲಸಗಳಲ್ಲ.

ಮುಟ್ಟುವ ಮೊದಲಿನ ಒಂದು ನಿಮಿಷದಿಂದಲೇ ಆರಂಭಿಸೋಣ. ಕೈ ತೊಳೆದುಕೊಳ್ಳುವುದು, ಹೆಸರು ಹೇಳಿಕೊಳ್ಳುವುದು, ಒಪ್ಪಿಗೆ ಕೇಳುವುದು ಅಂಕಸೂಚಿಯ ಮೊದಲ ಸಾಲುಗಳಾದ್ದರಿಂದ ಯಾರೂ ಮರೆಯುವುದಿಲ್ಲ. ಬಹಳ ಜನ ಮರೆಯುವುದು ಅದರ ಮುಂದಿನ ಪ್ರಶ್ನೆಯನ್ನು: “ಅಜ್ಜಾರ, ಈಗ ಎಲ್ಲಿ ನೋಯಾಕತ್ತೈತ್ರಿ? ಒಂದ ಬೆರಳಿಲೆ ತೋರಸ್ರಿ.” ಈ ಪ್ರಶ್ನೆಗೆ ಎರಡು ಫಲಗಳಿವೆ. ನೋವಿನ ಜಾಗವನ್ನು ಕೊನೆಗೆ ಮುಟ್ಟಬೇಕೆಂಬುದು ನಿಮಗೆ ತಿಳಿಯುತ್ತದೆ. ರೋಗಿಗೂ, ಈ ಹುಡುಗ ನನ್ನ ನೋವಿನ ಸುದ್ದಿ ಕೇಳಿಯೇ ಕೈ ಹಾಕುತ್ತಾನೆ ಎಂಬ ಧೈರ್ಯ ಬಂದು ಸ್ನಾಯುಗಳು ಸಡಿಲವಾಗುತ್ತವೆ.

ಬಟ್ಟೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಪಠ್ಯಪುಸ್ತಕ ಎರಡೂ ಮೊಣಕಾಲುಗಳು ತೊಡೆಯ ನಡುವಿನವರೆಗೆ ಕಾಣಬೇಕು ಎನ್ನುತ್ತದೆ. ಇಳಕಲ್ ಸೀರೆಯುಟ್ಟ ಎಪ್ಪತ್ತರ ಅಜ್ಜಿಗೆ ಹತ್ತು ಜನರಿರುವ ಕೋಣೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಪರದೆ ಎಳೆಯಬೇಕು, ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಇರಬೇಕು, ಸೀರೆಯನ್ನು ಅಜ್ಜಿಯೇ ಮೇಲೆ ಸರಿಸಿಕೊಳ್ಳುವಂತೆ ಕೇಳಿ, ಉಳಿದ ಭಾಗಕ್ಕೆ ಹೊದಿಕೆ ಹಾಸಬೇಕು. ಕೈಯ ಕೀಲುಗಳನ್ನು ನೋಡುವಾಗ ಬಳೆ ತೆಗೆಯಿರಿ ಎಂದು ಹೇಳುವ ವಿದ್ಯಾರ್ಥಿಗಳಿದ್ದಾರೆ. ನಮ್ಮ ಕಡೆಯ ಮುತ್ತೈದೆಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂಬುದು ಇಲ್ಲಿ ಕುಳಿತಿರುವ ತಾಯಂದಿರಿಗೆ ಗೊತ್ತು. ಬಳೆಗಳನ್ನು ಮೊಣಕೈ ಕಡೆಗೆ ಮೆಲ್ಲನೆ ಸರಿಸಿದರೆ ಮಣಿಕಟ್ಟು ಪೂರ್ತಿಯಾಗಿ ಕಾಣುತ್ತದೆ.

ಇನ್ನು ಕ್ರಮ. ನೋಡು, ಮುಟ್ಟು, ಚಲಿಸು ಎಂಬ ಮೂರು ಹೆಜ್ಜೆಗಳನ್ನು ಜಗತ್ತಿನಾದ್ಯಂತ ರೂಢಿಗೆ ತಂದ ಹೆಗ್ಗಳಿಕೆ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಕ ಅಲನ್ ಗ್ರಹಾಂ ಆಪ್ಲೆ ಅವರದು. ನೋಡುವುದರಿಂದ ರೋಗಿಗೆ ಏನೂ ನೋವಾಗದು, ಮುಟ್ಟುವುದರಿಂದ ಸ್ವಲ್ಪ ನೋಯಬಹುದು, ಅಲುಗಾಡಿಸುವುದರಿಂದ ಇನ್ನೂ ಹೆಚ್ಚು, ಕೊನೆಯಲ್ಲಿ ಬರುವ ವಿಶೇಷ ಪರೀಕ್ಷೆಗಳಿಂದ ಎಲ್ಲಕ್ಕಿಂತ ಹೆಚ್ಚು. ನೋವು ಏರುವ ದಿಕ್ಕಿನಲ್ಲಿಯೇ ಈ ಹೆಜ್ಜೆಗಳು ಸಾಗುತ್ತವೆ. ಮೊದಲೇ ಜೋರಾಗಿ ನೋಯಿಸಿದರೆ ಮುಂದೆ ಸಿಗಬೇಕಾದ ಮಾಹಿತಿಯೆಲ್ಲ ಕೆಡುತ್ತದೆ. ಚೆನ್ನಾಗಿರುವ ಕಾಲನ್ನು ಮೊದಲು ನೋಡಬೇಕು ಎಂಬ ನಿಯಮವೂ ಇದೇ ಜಾತಿಯದು. ಆ ರೋಗಿಗೆ ಯಾವುದು ಸಹಜ ಎಂಬ ಅಳತೆ ಅದರಿಂದ ಸಿಗುತ್ತದೆ, ನೀವು ಮುಂದೆ ಏನು ಮಾಡಲಿದ್ದೀರಿ ಎಂಬುದೂ ನೋವಿಲ್ಲದ ಕಡೆಯಲ್ಲಿ ರೋಗಿಗೆ ಮನವರಿಕೆಯಾಗುತ್ತದೆ.

ಮೊಣಕಾಲನ್ನೇ ಉದಾಹರಣೆಯಾಗಿ ತೆಗೆದುಕೊಂಡು ಸ್ವಲ್ಪ ನಿಧಾನವಾಗಿ ಹೋಗೋಣ. ರೋಗಿ ನಡೆದು ಬರುವಾಗಲೇ ನೋಟ ಆರಂಭವಾಗಬೇಕು. ನಿಂತಾಗ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದೆಯೇ, ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆಯೇ, ಹಿಂದಿನಿಂದ ನೋಡಿದರೆ ಮಡಿಕೆಯಲ್ಲಿ ಬಾವಿದೆಯೇ ಎಂಬುದು ಮಲಗಿಸಿದ ಮೇಲೆ ಕಾಣುವುದಿಲ್ಲ. ಮಲಗಿಸಿದ ಮೇಲೆ ತೊಡೆಯ ಮುಂಭಾಗದ ಸ್ನಾಯು ಕರಗಿದೆಯೇ ಎಂದು ನೋಡಬೇಕು. ಅನುಮಾನವಿದ್ದರೆ ಮೊಣಕಾಲ ಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲೆ ಎರಡೂ ಕಡೆ ಗುರುತು ಹಾಕಿ ಟೇಪಿನಿಂದ ಸುತ್ತಳತೆ ತೆಗೆಯಬೇಕು. ಆಮೇಲೆ ಅಂಗೈಯ ಹಿಂಬದಿಯಿಂದ ಬಿಸಿ ನೋಡುವುದು. ಸಹಜ ಮೊಣಕಾಲು ತೊಡೆಗಿಂತಲೂ ಮುಂಗಾಲಿಗಿಂತಲೂ (ಮೊಣಕಾಲಿನ ಕೆಳಗಿನ ಭಾಗ) ತಣ್ಣಗಿರುತ್ತದೆ. ಆದ್ದರಿಂದ ಕೈಯನ್ನು ತೊಡೆಯಿಂದ ಮೊಣಕಾಲಿಗೆ, ಅಲ್ಲಿಂದ ಮುಂಗಾಲಿಗೆ ಇಳಿಸಿದಾಗ ಮಧ್ಯದಲ್ಲಿ ತಂಪು ಸಿಗದೆ ಮೂರೂ ಕಡೆ ಒಂದೇ ಬಿಸಿ ಸಿಕ್ಕರೂ ಅದು ಉರಿಯೂತದ ಸುಳಿವೇ. ಇದನ್ನು ಗಮನಿಸಿ ಹೇಳುವ ವಿದ್ಯಾರ್ಥಿ ನಿಜವಾಗಿ ಮುಟ್ಟಿ ನೋಡಿದ್ದಾನೆಂದು ಪರೀಕ್ಷಕರಿಗೆ ತಕ್ಷಣ ತಿಳಿಯುತ್ತದೆ.

ಕೀಲಿನೊಳಗೆ ನೀರು ತುಂಬಿದೆಯೇ ಎಂಬುದು ಮುಂದಿನ ಪ್ರಶ್ನೆ. ನೀರು ಸ್ವಲ್ಪವೇ ಇದ್ದರೆ ಚಿಪ್ಪಿನ ಒಳಬದಿಯ ತಗ್ಗನ್ನು ಮೇಲ್ಮುಖವಾಗಿ ಸವರಿ ಖಾಲಿ ಮಾಡಿ, ಹೊರಬದಿಯಿಂದ ಒತ್ತಿದಾಗ ಆ ತಗ್ಗು ಮತ್ತೆ ಉಬ್ಬುವುದನ್ನು ನೋಡಬೇಕು. ಇನ್ನೂ ಹೆಚ್ಚಿದ್ದರೆ ಚಿಪ್ಪಿನ ಮೇಲಿನ ಚೀಲವನ್ನು ಒಂದು ಕೈಯಿಂದ ಒತ್ತಿ, ಇನ್ನೊಂದು ಕೈಯ ಬೆರಳಿನಿಂದ ಚಿಪ್ಪನ್ನು ಕೆಳಗೆ ಅದುಮಿದರೆ ಅದು ಮೂಳೆಗೆ ತಾಗಿ ಟಕ್ಕೆಂದು ಮೇಲೇಳುತ್ತದೆ. ಎರಡನೆಯ ಪರೀಕ್ಷೆಯನ್ನು ಮಾತ್ರ ಮಾಡಿ ‘ನೀರಿಲ್ಲ’ ಎಂದು ಹೇಳುವ ಅಭ್ಯಾಸ ಬಹಳ ಕಡೆ ಕಾಣುತ್ತದೆ. ನೀರು ಕಡಿಮೆ ಇದ್ದಾಗ ಚಿಪ್ಪು ಬಡಿಯುವುದಿಲ್ಲ, ತೀರಾ ಬಿಗಿಯಾಗಿ ತುಂಬಿದಾಗಲೂ ಬಡಿಯುವುದಿಲ್ಲ. ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಎಂಬುದು ಗೊತ್ತಿಲ್ಲದೆ ಮಾಡಿದಾಗ ಕೈ ಆಡುತ್ತದೆ, ತಿಳಿವಳಿಕೆ ಮಾತ್ರ ಬರುವುದಿಲ್ಲ.

ಕೀಲಿನ ಗೆರೆಯಲ್ಲಿ ನೋವಿದೆಯೇ ಎಂದು ಒತ್ತಿ ನೋಡುವುದು ಕಾಲನ್ನು 90 ಡಿಗ್ರಿ ಮಡಚಿದಾಗ ಸುಲಭ. ಅದಾದ ಮೇಲೆ ಚಲನೆ: ಮೊದಲು ರೋಗಿ ತಾನೇ ಮಡಚಬೇಕು, ನಂತರ ನೀವು. ಮೂಳೆಗಳನ್ನು ಒಂದಕ್ಕೊಂದು ಬಿಗಿಯುವ ಪಟ್ಟಿಗಳಾದ ಲಿಗಮೆಂಟುಗಳ ಪರೀಕ್ಷೆ ಕೊನೆಗೆ. ಮೊಣಕಾಲಿನೊಳಗೆ ಅಡ್ಡಹಾಯುವ ಎರಡರಲ್ಲಿ ಮುಂಭಾಗದ ಕ್ರೂಸಿಯೇಟ್ ಲಿಗಮೆಂಟಿಗಾಗಿ ಕಾಲನ್ನು 90 ಡಿಗ್ರಿ ಮಡಚಿಸಿ, ಪಾದದ ಮೇಲೆ ಕುಳಿತು ಮುಂಗಾಲನ್ನು ಮುಂದಕ್ಕೆ ಎಳೆಯುವ ಪರೀಕ್ಷೆಯಿದೆ, ಕುಳಿತುಕೊಳ್ಳುವ ಮೊದಲು “ಪಾದದಾಗ ಏನರ ನೋವೈತೇನ್ರಿ?” ಎಂದು ಕೇಳಲೇಬೇಕು. 20ರಿಂದ 30 ಡಿಗ್ರಿ ಮಡಿಕೆಯಲ್ಲಿ ಮಾಡುವ ಲ್ಯಾಕ್‌ಮನ್ ಪರೀಕ್ಷೆ ಇದಕ್ಕಿಂತ ನಂಬಿಕೆಗೆ ಅರ್ಹ, ಹೊಸ ಗಾಯದಲ್ಲಿ ರೋಗಿಗೂ ಹೆಚ್ಚು ಸಹ್ಯ. ಮೆನಿಸ್ಕಸ್ (ಮೊಣಕಾಲಿನೊಳಗಿನ ಮೃದ್ವಸ್ಥಿಯ ಮೆತ್ತೆ) ಹರಿದಿದೆಯೇ ಎಂದು ನೋಡಲು ಕಾಲನ್ನು ಪೂರ್ತಿ ಮಡಚಿ ತಿರುಚುವ ಮ್ಯಾಕ್‌ಮರಿ ಪರೀಕ್ಷೆಯನ್ನು ಬಾತು ನೋಯುವ ಮೊಣಕಾಲಿನ ಮೇಲೆ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಉತ್ತರವನ್ನು ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ಪರೀಕ್ಷೆಯಲ್ಲಿ “ನೋವು ಹೆಚ್ಚಿರುವುದರಿಂದ ಈ ಪರೀಕ್ಷೆಯನ್ನು ಈಗ ಮಾಡುವುದಿಲ್ಲ” ಎಂದು ಕಾರಣ ಸಹಿತ ಹೇಳುವ ವಿದ್ಯಾರ್ಥಿಗೆ ಅಂಕ ಕಡಿತ ಮಾಡುವ ಪರೀಕ್ಷಕರು ತಮ್ಮ ಅಂಕಸೂಚಿಯನ್ನು ತಿದ್ದಿಕೊಳ್ಳಬೇಕು.

ರೋಗಿಯ ಸ್ವಂತ ಚಲನೆ ಮೊದಲು, ನಮ್ಮ ಕೈಯಿಂದ ಆಗುವ ಚಲನೆ ನಂತರ ಎಂದೆನಲ್ಲ, ಅದರ ಬೆಲೆ ಎದ್ದು ಕಾಣುವುದು ಹೆಗಲಿನಲ್ಲಿ. ಹೆಗಲು ನೋವೆಂದು ಇಬ್ಬರು ಬಂದಿದ್ದಾರೆಂದು ಇಟ್ಟುಕೊಳ್ಳಿ. ಇಬ್ಬರಿಗೂ ಕೈ ಮೇಲೆತ್ತಲು ಆಗುತ್ತಿಲ್ಲ. ಒಬ್ಬರ ತೋಳನ್ನು ನಾವು ಹಿಡಿದು ಎತ್ತಿದರೆ ಸರಾಗವಾಗಿ ಮೇಲೆ ಹೋಗುತ್ತದೆ, ಬಿಟ್ಟರೆ ನಿಲ್ಲುವುದಿಲ್ಲ. ಅಲ್ಲಿ ಎತ್ತುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಹರಿದಿರಬಹುದು ಅಥವಾ ನರ ಸೋತಿರಬಹುದು. ಇನ್ನೊಬ್ಬರ ತೋಳು ನಾವು ಎತ್ತಿದರೂ ಏಳುವುದಿಲ್ಲ, ಮೊಣಕೈಯನ್ನು ಪಕ್ಕೆಗೆ ಹಚ್ಚಿ ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೋದರೆ ಅಲ್ಲಿಯೇ ತಡೆಯುತ್ತದೆ. ಇದು ಹೆಗಲು ಬಿಗಿದುಕೊಂಡಿರುವುದರ ಲಕ್ಷಣ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಯಾವ ಸ್ಕ್ಯಾನೂ ಇಲ್ಲದೆ, ಎರಡು ಚಲನೆಗಳ ವ್ಯತ್ಯಾಸದಿಂದಲೇ ಇಷ್ಟು ತಿಳಿಯಿತು. ಕೈಯನ್ನು ಪಕ್ಕದಿಂದ ಎತ್ತುವಾಗ 60ರಿಂದ 120 ಡಿಗ್ರಿಗಳ ನಡುವೆ ಮಾತ್ರ ನೋವು ಬಂದು ಮುಂದೆ ಕಡಿಮೆಯಾದರೆ ಅದು ಇನ್ನೊಂದು ಕಥೆ ಹೇಳುತ್ತದೆ: ಹೆಗಲ ಮೂಳೆಯ ಚಾವಣಿಯ ಕೆಳಗೆ ಸ್ನಾಯುರಜ್ಜು ಉಜ್ಜುತ್ತಿದೆ.

ಸೊಂಟದ ಕೀಲಿನ ಬಗ್ಗೆ ಎರಡೇ ಮಾತು. ನೋಯುವ ಸೊಂಟದ ಕೀಲು ಮಡಿಕೆಯಲ್ಲಿ ಬಿಗಿದುಕೊಂಡರೂ ರೋಗಿ ಬೆನ್ನನ್ನು ಬಿಲ್ಲಾಗಿಸಿ ಕಾಲು ನೇರವಾಗಿರುವಂತೆ ತೋರಿಸಬಲ್ಲ. ಬೆನ್ನ ಕೆಳಗೆ ಕೈಯಿಟ್ಟು, ಇನ್ನೊಂದು ಕಾಲನ್ನು ಹೊಟ್ಟೆಗೆ ಮಡಚಿ, ಬೆನ್ನಿನ ಬಾಗು ಇಲ್ಲವಾದಾಗ ಈ ಕಾಲು ಹಾಸಿಗೆಯಿಂದ ಮೇಲೇಳುತ್ತದೆಯೇ ಎಂದು ನೋಡುವ ಉಪಾಯವನ್ನು ಕಂಡುಕೊಂಡವರು ಹತ್ತೊಂಬತ್ತನೆಯ ಶತಮಾನದ ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್. ಅವರು ತಲೆಮಾರುಗಳಿಂದ ಎಲುಬು ಕಟ್ಟುತ್ತಿದ್ದ ಮನೆತನದವರು ಎಂಬುದು ನಮ್ಮ ಹಳ್ಳಿಗಳ ನಾಟಿ ವೈದ್ಯರನ್ನು ಬಲ್ಲ ನಿಮಗೆ ಆಸಕ್ತಿಯ ಸಂಗತಿಯಾದೀತು. ಎರಡನೆಯದು: ಮಗು ಮೊಣಕಾಲು ನೋವೆಂದು ಕುಂಟಿದರೆ ಸೊಂಟದ ಕೀಲನ್ನು ನೋಡದೆ ಕಳಿಸಬಾರದು. ಎರಡಕ್ಕೂ ನರದ ನಂಟು ಇರುವುದರಿಂದ ಸೊಂಟದ ರೋಗ ಮೊಣಕಾಲಿನಲ್ಲಿ ನೋಯುತ್ತದೆ. ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ನೋಡಬೇಕೆಂಬ ನಿಯಮ ಇಂಥ ಮಕ್ಕಳಿಂದಲೇ ಅರ್ಥ ಪಡೆಯುತ್ತದೆ.

ಡಿಗ್ರಿಗಳ ಲೆಕ್ಕದ ಜೊತೆಗೆ, ರೋಗಿಯ ದಿನದ ಕೆಲಸವನ್ನು ಕೇಳದೆ ಕೀಲಿನ ತಪಾಸಣೆ ಪೂರ್ತಿಯಾಗದು. ಹೊರದೇಶದ ಅಂಕಸೂಚಿಗಳಲ್ಲಿ ಅಂಗಿಯ ಗುಂಡಿ ಹಾಕುವುದು, ಮೆಟ್ಟಿಲು ಹತ್ತುವುದು ಇರುತ್ತದೆ. ನಮ್ಮವರಿಗೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು ಆಗುತ್ತದೆಯೇ, ಕುಕ್ಕರಗಾಲಿನಲ್ಲಿ ಕುಳಿತು ಏಳಲು ಆಗುತ್ತದೆಯೇ, ಜೋಳದ ರೊಟ್ಟಿ ಬಡಿಯುವಾಗ ಹೆಬ್ಬೆರಳಿನ ಬುಡ ನೋಯುತ್ತದೆಯೇ, ಹಿಂದಕ್ಕೆ ಕೈ ಹಾಕಿ ಜಡೆ ಹೆಣೆದುಕೊಳ್ಳಲು ಬರುತ್ತದೆಯೇ ಎಂದು ಕೇಳಬೇಕು. ಮೊಣಕಾಲು 110 ಡಿಗ್ರಿ ಮಡಚಿದರೆ ಕುರ್ಚಿಯ ಬದುಕಿಗೆ ಸಾಕು. ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಅಷ್ಟರಲ್ಲಿ ಕೂಲಿ ಹುಟ್ಟುವುದಿಲ್ಲ. ಇಳಕಲ್, ಗುಳೇದಗುಡ್ಡದ ಕುಣಿಮಗ್ಗದಲ್ಲಿ ಕೂತು ನೇಯುವವರ ಸೊಂಟ, ಮೊಣಕಾಲು, ಹೆಗಲುಗಳಿಗೆ ಬೀಳುವ ಹೊರೆಯೇ ಬೇರೆ.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಾಗ 1.5 ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಕುಡಿದವರ ಬೆನ್ನೆಲುಬು, ಕೀಲುಗಳ ಸುತ್ತಲಿನ ಲಿಗಮೆಂಟುಗಳು ಗಡುಸಾಗುತ್ತವೆ. ಇದನ್ನು ಹಳ್ಳಿಯ ಕಟ್ಟೆಯ ಮೇಲೆಯೇ ಸಂಶಯಿಸಲು ಮೂರು ಸರಳ ಪರೀಕ್ಷೆಗಳಿವೆ: ಮೊಣಕಾಲು ಮಡಚದೆ ನೆಲದ ಮೇಲಿನ ನಾಣ್ಯವನ್ನು ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ತೋಳುಗಳನ್ನು ಪಕ್ಕಕ್ಕೆ ಚಾಚಿ ಮೊಣಕೈ ಮಡಚಿ ತಲೆಯ ಹಿಂಭಾಗವನ್ನು ಮುಟ್ಟುವುದು. ನೋಯಿಸದ, ಖರ್ಚಿಲ್ಲದ, ನಮ್ಮ ನೆಲಕ್ಕೆ ಬೇಕಾದ ಪರೀಕ್ಷೆಗಳಿವು. ಈ ಭಾಗದ ಆಸ್ಕಿಯಲ್ಲಿ ಇವುಗಳಿಗೊಂದು ಸ್ಟೇಷನ್ ಇರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸೂಚನೆ ಕೊಡುವ ಭಾಷೆಯನ್ನೂ ತಪಾಸಣೆಯ ಭಾಗವೆಂದೇ ತಿಳಿಯಬೇಕು. “ಫ್ಲೆಕ್ಸ್ ಮಾಡ್ರಿ, ಎಕ್ಸ್‌ಟೆಂಡ್ ಮಾಡ್ರಿ” ಎಂದರೆ ರೋಗಿ ಮುಖ ನೋಡುತ್ತಾರೆ, ವಿದ್ಯಾರ್ಥಿ ಅವಸರದಲ್ಲಿ ಕಾಲನ್ನು ತಾನೇ ಹಿಡಿದು ಮಡಚುತ್ತಾನೆ. ಅಲ್ಲಿಗೆ ಸ್ವಂತ ಚಲನೆಯ ಮಾಹಿತಿ ತಪ್ಪಿಹೋಯಿತು. “ಯವ್ವಾ, ಹಿಮ್ಮಡ ಹಿಂದಕ್ಕ ತಾಗೂವಂಗ ಕಾಲ ಮಡಚ್ರಿ, ನೋವಾದ್ರ ಅಲ್ಲೇ ನಿಲ್ಲಸ್ರಿ” ಎಂದರೆ ಕೆಲಸವಾಗುತ್ತದೆ. ಹೆಗಲಿಗೆ ನೀವೇ ಎದುರು ನಿಂತು “ನಾ ಮಾಡಿದಂಗ ಮಾಡ್ರಿ” ಎನ್ನುವುದು ಎಲ್ಲಕ್ಕಿಂತ ಸುಲಭ.

ನಮ್ಮ ಹಿರಿಯರ ಒಂದು ಗುಣವನ್ನು ಹೊರಗಿನಿಂದ ಬಂದ ವಿದ್ಯಾರ್ಥಿಗಳು ತಿಳಿದಿರಬೇಕು. ನೋಯುತ್ತದೆಯೇ ಎಂದು ಕೇಳಿದರೆ “ಇಲ್ಲ ಬಿಡ್ರಿ, ತಡ್ಕೋತೀನ್ರಿ, ನೀವ್ ನೋಡ್ರಿ” ಎನ್ನುತ್ತಾರೆ. ಕಲಿಯುವ ಹುಡುಗರಿಗೆ ತೊಂದರೆಯಾಗಬಾರದು ಎಂಬ ಅಂತಃಕರಣ ಅದು. ಆದ್ದರಿಂದ ಕೈ ಮೊಣಕಾಲಿನ ಮೇಲಿದ್ದರೂ ಕಣ್ಣು ಮುಖದ ಮೇಲಿರಬೇಕು. ಹುಬ್ಬು ಗಂಟಿಕ್ಕುತ್ತದೆ, ತುಟಿ ಬಿಗಿಯುತ್ತದೆ, ಹಾಸಿಗೆಯ ಅಂಚನ್ನು ಬೆರಳುಗಳು ಹಿಡಿದುಕೊಳ್ಳುತ್ತವೆ. ಬಾಯಿ ಇಲ್ಲವೆಂದರೂ ಇವು ಹೌದೆನ್ನುತ್ತಿರುತ್ತವೆ. ಒಮ್ಮೆ ನೋವು ಸಿಕ್ಕ ಮೇಲೆ ಅದೇ ಪರೀಕ್ಷೆಯನ್ನು ಖಾತರಿಗಾಗಿ ಮತ್ತೊಮ್ಮೆ ಮಾಡಬಾರದು. ಮಾದರಿ ರೋಗಿಗಳಿರುವ ಕಡೆಯೂ ಇದೇ ನಿಯಮ. ನೋವು ನಟನೆಯೇ ಆದರೂ ವಿದ್ಯಾರ್ಥಿ ಅದಕ್ಕೆ ಹೇಗೆ ಸ್ಪಂದಿಸಿದ ಎಂಬುದನ್ನು ಅವರು ಗಮನಿಸುತ್ತಿರುತ್ತಾರೆ.

ಒಂದೇ ಕೀಲು ಏಕಾಏಕಿ ಬಾತು, ಸುಡುವಷ್ಟು ಬಿಸಿಯಾಗಿ, ಜ್ವರವಿದ್ದು, ರೋಗಿ ಅದನ್ನು ಅಲುಗಿಸಲೂ ಬಿಡದಿದ್ದರೆ ಅಲ್ಲಿ ತಪಾಸಣೆಯನ್ನು ಮುಂದುವರಿಸುವ ಪ್ರಶ್ನೆಯೇ ಇಲ್ಲ. ಕೀಲಿನಲ್ಲಿ ಕೀವಾಗಿದೆ ಎಂದೇ ಭಾವಿಸಿ ಹಿರಿಯರಿಗೆ ತಿಳಿಸಬೇಕು, ಕೀಲಿನ ನೀರನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ತಡವಾದರೆ ಮೃದ್ವಸ್ಥಿ ಮರಳಿ ಬಾರದಂತೆ ಹಾಳಾಗುತ್ತದೆ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ. ತಪಾಸಣೆ ಮಾಡುತ್ತಲೇ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗಬೇಕೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಪರೀಕ್ಷಕರು ಹಾಗೆ ಬಯಸಿದರೆ ಹೇಳಬೇಕಾಗುತ್ತದೆ. ಆದರೆ ರೋಗಿಯ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ‘ಕೆಟ್ಟಿದೆ’, ‘ಸವೆದಿದೆ’ ಎಂಬರ್ಥದ ಮಾತುಗಳನ್ನು ಆಡುವಾಗ ಅವರಿಗೆ ಅರ್ಧ ಅರ್ಥವಾಗಿ ಪೂರ್ತಿ ಭಯವಾಗುತ್ತದೆ. ಮೊದಲು “ಇದನ್ನ ಸರ್‌ಗೆ ಹೇಳ್ತೀನ್ರಿ, ಆಮ್ಯಾಲೆ ನಿಮಗೂ ಬಿಡಿಸಿ ಹೇಳ್ತೀನಿ” ಎಂದು ತಿಳಿಸಿ ಆರಂಭಿಸಿ. ವರದಿಯಲ್ಲಿ ‘ಚಲನೆ ಕಡಿಮೆ’ ಎನ್ನುವ ಬದಲು ‘ಬಲ ಮೊಣಕಾಲು 10ರಿಂದ 100 ಡಿಗ್ರಿ, ಎಡ ಮೊಣಕಾಲು 0ಯಿಂದ 135 ಡಿಗ್ರಿ’ ಎಂದು ಸಂಖ್ಯೆಯಲ್ಲಿ ಹೇಳಿದರೆ ಆರು ವಾರಗಳ ನಂತರ ನೋಡುವ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಗೆ ಕೂರಲು ರೋಗಿ ಒಲ್ಲೆ ಎನ್ನಬಹುದೇ ಎಂದು ಸಭಿಕರಲ್ಲಿ ಹಿರಿಯರೊಬ್ಬರು ಕೇಳಿದರು. ಖಂಡಿತ ಅನ್ನಬಹುದು, ನಡುವೆ ಯಾವಾಗ ಬೇಕಾದರೂ ಸಾಕೆನ್ನಬಹುದು. ಅದರಿಂದ ಅವರ ಚಿಕಿತ್ಸೆಗೆ ಯಾವ ಬಾಧಕವೂ ಇಲ್ಲವೆಂಬುದನ್ನು ಹಿಂದಿನ ದಿನವೇ, ಅವರ ಮನೆಯವರ ಎದುರಿನಲ್ಲಿ ತಿಳಿಸುವುದು ಪರೀಕ್ಷೆ ನಡೆಸುವವರ ಹೊಣೆ. ಕೂರಲು ಒಪ್ಪಿದವರಿಗೆ ಹೊತ್ತಿಗೆ ಸರಿಯಾಗಿ ಊಟ, ನೋವಿನ ಮಾತ್ರೆಯ ವೇಳೆ ತಪ್ಪದಂತೆ ನಿಗಾ, ಮಧ್ಯೆ ಮಧ್ಯೆ ವಿಶ್ರಾಂತಿ ಬೇಕು. ನೋಯುವ ಕೀಲುಗಳ ಸ್ಟೇಷನ್ನಿಗೆ ಒಬ್ಬರ ಬದಲು ಒಂದೇ ಬಗೆಯ ತೊಂದರೆಯಿರುವ ಮೂವರು ರೋಗಿಗಳನ್ನು ಸರದಿಯ ಮೇಲೆ ಇಟ್ಟುಕೊಳ್ಳಬೇಕು. ತಿರುಚುವ, ಎಳೆಯುವ ಪರೀಕ್ಷೆಗಳನ್ನು ತೋರಿಸಬೇಕಾದಲ್ಲಿ ಮಾದರಿ ರೋಗಿಯ ಚೆನ್ನಾಗಿರುವ ಮೊಣಕಾಲಿನ ಮೇಲೆ ತೋರಿಸಿದರೆ ಸಾಕು.